ಕುಲಪತಿಗಳು ಏಳು ಸಲ ಮುಗಿಸಿದ ಭಾಷಣ

"ಕತ್ತಲಾಯಿತು" ಎಂದಳು ವಾರಿಜಕ್ಕ, ಖಾಲಿ ರಂಗಮಂದಿರದ ನಡುವೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತು. ಕತ್ತಲಾಯಿತು. ಬೆಳಗಿನ ಹನ್ನೊಂದು ಗಂಟೆಗೆ ಅಲ್ಲಿನ ದೀಪಗಳೆಲ್ಲ ಒಟ್ಟಿಗೆ ಆರಿದವು.

"ಬೆಳಗಾಯಿತು" ಎಂದಳು. ದೀಪಗಳು ಹೊತ್ತಿಕೊಂಡವು.

"ಮಳೆ" ಎಂದಳು. ವೇದಿಕೆಯ ಮೇಲೆ ಅಡ್ಡಲಾಗಿ ಕಟ್ಟಿದ್ದ ಕೊಳವೆಯಿಂದ ನಿಜವಾದ ನೀರು ಸುರಿದು, ಕೆಳಗೆ ನಿಂತಿದ್ದ ನನ್ನ ಹೊಸ ಸೀರೆ ಭುಜದಿಂದ ಅಂಚಿನವರೆಗೆ ತೊಯ್ದುಹೋಯಿತು.

"ನಿಲ್ಲಿಸು ಮಾರಾಯ್ತಿ!"

"ತನ್ನಿಂದ ತಾನೇ ನಿಲ್ತದೆ. ಅರ್ಧ ನಿಮಿಷದ ಮಳೆ ಅದು" ಎಂದಳು ಅಕ್ಕ, ಮುಖದಲ್ಲಿ ಮೊದಲ ರ‍್ಯಾಂಕು ಬಂದವರ ಕಳೆ.

ವಾರಿಜಕ್ಕ ನನ್ನ ಒಡಹುಟ್ಟಿದವಳು. ಕಡಲಿಗೆ ಎದುರಾದ ಗುಡ್ಡದ ಮೇಲಿರುವ ನಮ್ಮ ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರದ ಪ್ರಯೋಗಾಲಯದ ಉಪಕರಣಗಳನ್ನು ರಿಪೇರಿ ಮಾಡುವುದು ಅವಳ ಕೆಲಸ. ಕೆಡದ ಉಪಕರಣಗಳನ್ನೂ ಬಿಚ್ಚಿಡುವುದು ಅವಳ ಹವ್ಯಾಸ. ನಾನು ಸುಗುಣಾ, ಅಲ್ಲಿಯೇ ರಂಗಭೂಮಿ ಮತ್ತು ನೃತ್ಯ ಇಲಾಖೆಯ ಮುಖ್ಯಸ್ಥೆ. ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ಮನೆಗಳಿಗೆ ಒಂದೇ ಗೋಡೆ. ಅವಳ ಒಂದೊಂದು ಸಂಶೋಧನೆಗೂ ನನ್ನ ಮನೆಯ ಫ್ಯೂಸು ಮೊದಲು ಬಲಿಯಾಗುತ್ತದೆ.

ಈ ಸಲದ ಸಂಶೋಧನೆಯ ಹೆಸರು ಸನ್ನೆಗಾರ್ತಿ. ನಾಟಕದಲ್ಲಾಗಲಿ ನೃತ್ಯದಲ್ಲಾಗಲಿ ಇಂಥ ಮಾತು ಬಂದ ಕೂಡಲೇ ದೀಪ ಆರಬೇಕು, ಇಂಥ ಮಾತಿಗೆ ಪರದೆ ಬೀಳಬೇಕು ಎಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತೇವೆ. ಆ ಮಾತಿಗೆ ನಾವು ಸನ್ನೆ ಎನ್ನುತ್ತೇವೆ. ಹಗ್ಗ ಹಿಡಿದು ನಿಂತ ವಿದ್ಯಾರ್ಥಿಗಳು ಸನ್ನೆ ಬರುವ ಹೊತ್ತಿಗೆ ಸರಿಯಾಗಿ ಮೊಬೈಲು ನೋಡುತ್ತಿರುತ್ತಾರೆ. ಸನ್ನೆಗಾರ್ತಿಗೆ ಆ ಚಾಳಿ ಇಲ್ಲ. ಅದಕ್ಕೆ ಹಳೆಯ ಇಡ್ಲಿ ಪಾತ್ರೆಯ ಹೊಟ್ಟೆ, ಕಿವುಡರು ಹಾಕಿಕೊಳ್ಳುವ ಯಂತ್ರಗಳ ನಾಲ್ಕು ಕಿವಿ, ಪರದೆ ಎಳೆಯಲು ಗ್ರೈಂಡರಿನ ಮೋಟರು. ಮಾತು ಕಿವಿಗೆ ಬಿದ್ದರೆ ಸಾಕು, ಕೆಲಸ ಆಗಿಬಿಡುತ್ತದೆ.

"ಈ ಸಾಲಿನ ಐದೂ ಪ್ರದರ್ಶನಗಳ ಸನ್ನೆ ಒಟ್ಟಿಗೆ ಕಲಿಸಿಬಿಟ್ಟಿದ್ದೇನೆ" ಎಂದಳು ಅಕ್ಕ. "ಪ್ರತಿ ವಾರ ಬಂದು ಕಲಿಸ್ಲಿಕ್ಕೆ ನನಗೆ ಬೇರೆ ಕೆಲಸ ಇಲ್ವಾ?"

"ಇದರ ಸ್ವಿಚ್ ಎಲ್ಲುಂಟು?"

"ಸ್ವಿಚ್ ಯಾಕೆ? ಸ್ವಿಚ್ ಇದ್ದರೆ ಯಾರಾದ್ರೂ ಆಫ್ ಮಾಡ್ತಾರೆ."

"ಕರೆಂಟು ಹೋದ್ರೆ?"

"ಒಳಗೆ ಬ್ಯಾಟರಿ ಉಂಟು. ಎಂಟು ಗಂಟೆ ನಡೀತದೆ. ನೀನು ಕುಣಿಸುವುದನ್ನು ನೋಡು, ಯಂತ್ರದ ಉಸಾಬರಿ ನನಗೆ ಬಿಡು."

ಬಿಟ್ಟೆ. ಬಿಡದೆ ನನಗೆ ಗತಿಯೂ ಇರಲಿಲ್ಲ. ನನ್ನ ಮೇಜಿನ ಮೇಲೆ ಕುಲಸಚಿವರ ಪತ್ರವೊಂದು ಕೂತಿತ್ತು. ನಮ್ಮ ಇಲಾಖೆಯನ್ನು ದೈಹಿಕ ಶಿಕ್ಷಣ ಇಲಾಖೆಯ ಜೊತೆ ವಿಲೀನಗೊಳಿಸುವ ಪ್ರಸ್ತಾಪವಿದೆ, ಐದು ಪ್ರದರ್ಶನಗಳ ಸರಣಿಯ ಉದ್ಘಾಟನೆಯ ದಿನ ಪ್ರದರ್ಶನವನ್ನು ನೋಡಿ ಕುಲಪತಿಗಳು ಅಂತಿಮ ತೀರ್ಮಾನ ಕೈಗೊಳ್ಳುತ್ತಾರೆ ಎಂದಿತ್ತು ಅದರಲ್ಲಿ. ಎರಡೂ ಕಡೆ ಕೈಕಾಲು ಆಡಿಸುವುದೇ ತಾನೆ ಎಂಬುದು ಕಚೇರಿಯವರ ವಾದವಂತೆ. ಓದಿದ ದಿನ ನನಗೆ ಅನ್ನ ಸೇರಲಿಲ್ಲ.

ಪ್ರದರ್ಶನವನ್ನು ನೋಡಿ! ಅಲ್ಲೇ ಇದ್ದದ್ದು ಸಂಕಟ. ಕುಲಪತಿ ಡಾ. ಧರಣೇಂದ್ರ ಬಲ್ಲಾಳರು ಮೂರು ವರ್ಷಗಳಿಂದ ನಮ್ಮ ಉದ್ಘಾಟನೆಗೆ ತಪ್ಪದೆ ಬಂದಿದ್ದಾರೆ, ಒಂದು ನೃತ್ಯವನ್ನೂ ನೋಡಿಲ್ಲ. ನಾಲ್ಕು ಗಂಟೆಗೆ ಮೈಕು ಹಿಡಿದರೆ ಆರರವರೆಗೆ ಬಿಡುವವರಲ್ಲ. ಬಿಟ್ಟ ಕೂಡಲೇ ಕಾರು ಹತ್ತಿ ಮುಂದಿನ ಸಭೆಗೆ ಹೋಗುತ್ತಾರೆ. ಆರೂವರೆಗೆ ಹುಡುಗಿಯರ ಹಾಸ್ಟೆಲಿನ ಗೇಟು ಮುಚ್ಚುತ್ತದೆ. ವೇಷ ಕಳಚಿ ಓಡಬೇಕಾದ ಹೊತ್ತು ಕಳೆದರೆ, ನಲವತ್ತು ನಿಮಿಷದ ನೃತ್ಯಕ್ಕೆ ಹೋದ ವರ್ಷ ಸಿಕ್ಕಿದ್ದು ಏಳು ನಿಮಿಷ. ಗೆಜ್ಜೆ ಬಿಚ್ಚುತ್ತಾ ಚಿತ್ರಾಕ್ಷಿ ಎಂಬ ಹುಡುಗಿ, "ಮೇಡಂ, ನಾವು ಯಾವಾಗ ಪೂರ್ತಿ ಕುಣಿಯುವುದು?" ಎಂದು ಕೇಳಿದ್ದಳು. ಆ ಪ್ರಶ್ನೆ ವರ್ಷವಿಡೀ ನನ್ನ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಉದ್ಘಾಟನೆಯ ದಿನ ಆರುನೂರು ಕುರ್ಚಿಗಳ ಮಂದಿರದಲ್ಲಿ ನಲವತ್ತು ಜನ ಇದ್ದರು. ಅದರಲ್ಲಿ ಹತ್ತು ಮಂದಿ ಫ್ಯಾನಿನ ಗಾಳಿಗೆ ಬಂದವರು. ವೇದಿಕೆಯ ಮೇಲೆ ಕುಲಪತಿಗಳು, ಕುಲಸಚಿವರು ಮತ್ತು ನಾನು. ಸ್ವಾಗತವನ್ನು ನಾನು ಮೂರು ವಾಕ್ಯದಲ್ಲಿ ಹೇಳಿ, ಶಾಲು ಹೊದಿಸಿ, ಹಾರ ಹಾಕಿ, ವಾಚು ನೋಡಿದೆ. ನಾಲ್ಕು ಗಂಟೆ ಹತ್ತು ನಿಮಿಷ. ಬಲ್ಲಾಳರು ಎದ್ದು ನಿಂತರು, ತಂತಿಯಿಲ್ಲದ ಮೈಕನ್ನು ಎರಡು ಸಲ ತಟ್ಟಿದರು.

"ಆತ್ಮೀಯರೇ, ಹೆಚ್ಚು ಸಮಯ ತೆಗೆದುಕೊಳ್ಳದೆ ಎರಡೇ ಎರಡು ಮಾತು ಹೇಳಿ ಮುಗಿಸುತ್ತೇನೆ."

ದಡಕ್ಕನೆ ಪರದೆ ಬಿತ್ತು.

ನಮ್ಮ ನೃತ್ಯದ ಹೆಸರು 'ಹೊಳೆಯ ಹಟ'. ಕೊನೆಯಲ್ಲಿ ಹೊಳೆಯಾದ ಚಿತ್ರಾಕ್ಷಿ, "ನನ್ನ ಕಥೆ ಇಲ್ಲಿಗೆ ಮುಗಿಸುತ್ತೇನೆ, ಮುಂದಿನದ್ದನ್ನು ಕಡಲಿನ ಹತ್ತಿರ ಕೇಳಿ" ಎನ್ನುತ್ತಾಳೆ. ಪರದೆ ಬೀಳಿಸುವ ಸನ್ನೆ ಅದೇ. ಭಾಷಣ ಮಾಡುವವರ ಬಾಯಲ್ಲೂ ಆ ಶಬ್ದ ಬರುತ್ತದೆ ಎಂಬುದು ನನಗಾಗಲಿ ಅಕ್ಕನಿಗಾಗಲಿ ಹೊಳೆದೇ ಇರಲಿಲ್ಲ.

ಹೊರಗೆ ಚಪ್ಪಾಳೆ ಬಿತ್ತು. ಕುಲಪತಿಗಳ ಭಾಷಣಕ್ಕೆ ಅಷ್ಟು ಮನಸ್ಸಿಟ್ಟು ಯಾರೂ ಚಪ್ಪಾಳೆ ತಟ್ಟಿದ್ದನ್ನು ನಾನು ಕೇಳಿರಲಿಲ್ಲ.

ಪರದೆಯ ಒಳಗೆ ಬಲ್ಲಾಳರು ಕುಲಸಚಿವರ ಕಡೆ ತಿರುಗಿದರು. "ಇದೆಂತ ಇದು? ನಾನಿನ್ನೂ ಆರಂಭಿಸಲೇ ಇಲ್ಲ."

ಆರಂಭ ಎಂಬುದು ಪರದೆ ಏಳಿಸುವ ಸನ್ನೆ. ಪರದೆ ಎದ್ದಿತು.

ಸಭೆಗೆ ಅವರು ನಕ್ಕು ತೋರಿಸಿದರು. "ಸಣ್ಣ ತಾಂತ್ರಿಕ ತೊಂದರೆ. ಇರಲಿ, ಬೇಗ ಮುಗಿಸುತ್ತೇನೆ."

ಪರದೆ ಬಿತ್ತು. ಈ ಸಲ ಚಪ್ಪಾಳೆಯ ಜೊತೆ ಶಿಳ್ಳೆಯೂ ಬಂತು.

ನಾನು ಪಕ್ಕದ ಮರೆಗೆ ಓಡಿದೆ. ಅಕ್ಕ ಇಡ್ಲಿ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಇದರ ಕಿವಿಗೆ ಹತ್ತಿ ತುರುಕು!" ಎಂದೆ.

"ಹತ್ತಿ ಹಾಕಿದರೆ ನಿನ್ನ ನೃತ್ಯಕ್ಕೆ ಕೆಲಸ ಮಾಡುವುದು ಹೇಗೆ? ಒಮ್ಮೆ ಕಿವಿ ಮುಚ್ಚಿದರೆ ಮತ್ತೆ ಎಲ್ಲ ಮೊದಲಿಂದ ಕಲಿಸಬೇಕು, ಎರಡು ದಿನ ಬೇಕು."

"ಕುಲಪತಿಗಳಿಗೆ ಆ ಶಬ್ದ ಹೇಳಬೇಡಿ ಅಂತ ಹೇಳ್ಲಿಕ್ಕಾಗ್ತದಾ ನನಗೆ?"

"ನಿನಗೆ ಎಂತ ತೊಂದರೆ ಮಾರಾಯ್ತಿ? ನೀನೇ ಅಲ್ವಾ ಮೂರು ವರ್ಷದಿಂದ ಅವರು ಮುಗಿಸಲಿ ಮುಗಿಸಲಿ ಅಂತ ಹರಕೆ ಹೊತ್ತದ್ದು?"

ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ "ಮತ್ತೆ ಆರಂಭದಿಂದ ಹೇಳಬೇಕಾ?" ಎಂಬ ಸ್ವರ ಕೇಳಿ ಪರದೆ ಎದ್ದಿತು.

ಬಲ್ಲಾಳರ ಹಟವನ್ನು ಮೆಚ್ಚಬೇಕು. ಬೇರೆ ಯಾರಾದರೂ ಆಗಿದ್ದರೆ ಕಾರು ಹತ್ತುತ್ತಿದ್ದರು. ಅವರು ಸಂಸ್ಕೃತಿಯ ಬಗ್ಗೆ ಹೇಳಿ ಮುಗಿಸುತ್ತೇನೆ ಎಂದರು, ಬಿತ್ತು. ತಮ್ಮ ಬಾಲ್ಯದ ಬಗ್ಗೆ ಹೇಳಿ ಮುಗಿಸುತ್ತೇನೆ ಎಂದರು, ಬಿತ್ತು. ಬಿದ್ದ ಪರದೆಯ ಹಿಂದೆ ಅವರು ಆರಂಭ ಎಂದು ಗೊಣಗಿದಾಗಲೆಲ್ಲ ಅದು ಎದ್ದಿತು, ಒಮ್ಮೆ ಆರಂಭಶೂರರ ವಿಷಯ ಬಂದೂ ಎದ್ದಿತು. ಮೈಕಿನ ಸ್ವರ ಕಾರಿಡಾರಿನ ಸ್ಪೀಕರುಗಳಲ್ಲೂ ಕೇಳುತ್ತಿತ್ತಾದ್ದರಿಂದ ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುತ್ತಿದ್ದವರು ತಟ್ಟೆ ಸಮೇತ ಬಂದರು. ಗ್ರಂಥಾಲಯ ಖಾಲಿಯಾಯಿತು. ಐದು ಗಂಟೆಯ ಹೊತ್ತಿಗೆ ಆರುನೂರು ಕುರ್ಚಿ ತುಂಬಿ, ಮೆಟ್ಟಿಲ ಮೇಲೂ ಜನ ಕೂತಿದ್ದರು.

ತುಂಬಿದ ಮಂದಿರ ನೋಡಿ ಬಲ್ಲಾಳರು ಉಬ್ಬಿಹೋದರು. "ನಿಮ್ಮ ಈ ಚಪ್ಪಾಳೆಯ ಮಳೆಯಲ್ಲಿ ನಾನು ತೊಯ್ದುಹೋಗಿದ್ದೇನೆ" ಎಂದರು.

ತೊಯ್ದುಹೋದರು. ಅರ್ಧ ನಿಮಿಷ ಪೂರ್ತಿ. ಕುಲಸಚಿವರು ಕೈಯಲ್ಲಿದ್ದ ಕಡತವನ್ನು ತಲೆಗೆ ಹಿಡಿದುಕೊಂಡು ವೇದಿಕೆಯಿಂದ ಹಾರಿದವರು ಆ ದಿನ ಮತ್ತೆ ಕಾಣಿಸಲಿಲ್ಲ. ಕುಲಪತಿಗಳು ಕನ್ನಡಕ ಒರೆಸಿಕೊಂಡರು. "ಬಂಧುಗಳೇ, ಬದುಕೇ ಒಂದು ರಣರಂಗ" ಎಂದರು. ಮೂರನೆಯ ವಾರದ ಯುದ್ಧದ ನಾಟಕಕ್ಕೆಂದು ಕಲಿಸಿದ ಕೆಂಪು ದೀಪ ಹೊತ್ತಿ, ಸ್ಪೀಕರಿನಲ್ಲಿ ಚೆಂಡೆ ಬಡಿಯತೊಡಗಿತು. ಆ ಚೆಂಡೆಯ ಮೇಲೆ ಸ್ವರ ಏರಿಸಿ ಅವರು ಐದನೆಯ ಸಲ ಮುಗಿಸಿದರು. ಚೆಂಡೆ ನಿಂತ ಮೇಲೆ ಆರನೆಯ ಸಲ.

"ಕೊನೆಯದಾಗಿ ಒಂದು ಮಾತು" ಎಂದರು ಪರದೆ ಎದ್ದಾಗ. "ಯಾರಿದ್ದರೂ ಇಲ್ಲದಿದ್ದರೂ ಕಾಲಚಕ್ರ ತಿರುಗುತ್ತಲೇ ಇರುತ್ತದೆ."

ನಾಲ್ಕನೆಯ ನಾಟಕ ಗಡಿಯಾರ ರಿಪೇರಿಯವನ ಕಥೆ. ಅದಕ್ಕಾಗಿ ವೇದಿಕೆಯ ನಡುವೆ ದೊಡ್ಡ ಹಲಗೆಯ ವೃತ್ತವೊಂದನ್ನು ಅಕ್ಕ ಕೂರಿಸಿದ್ದಳು. ಕುಲಪತಿಗಳು ನಿಂತದ್ದು ಸರಿಯಾಗಿ ಅದರ ಮೇಲೆ. ಅದು ಗರ್ ಎಂದು ತಿರುಗಲು ಶುರುವಾಯಿತು. ವೇಗ ಹೆಚ್ಚೇನಿಲ್ಲ, ದೋಸೆ ಹಿಟ್ಟು ರುಬ್ಬಿದಷ್ಟು. ಬಲ್ಲಾಳರು ಸಭೆಗೆ ಬೆನ್ನು ತೋರಿಸಿದರು, ಮತ್ತೆ ಮುಖ ತೋರಿಸಿದರು, ಕುರ್ಚಿಯನ್ನು ತಡಕಾಡಿ ಕೂತು ಅದರ ಕೈಗಳನ್ನು ಗಟ್ಟಿಯಾಗಿ ಹಿಡಿದರು.

"ಸಾಕು, ನಾನು ಮುಗಿಸುತ್ತೇನೆ" ಎಂದರು ಏಳನೆಯ ಸಲ, ಈ ಸಲ ಮನಃಪೂರ್ವಕವಾಗಿ. ಪರದೆ ಬಿತ್ತು.

"ಅಕ್ಕ, ಚಕ್ರ ನಿಲ್ಲಿಸು!"

"ಅದರ ಸನ್ನೆ ಕಲಿಸಿಲ್ಲ."

"ಯಾಕೆ?"

"ನಿಲ್ಲುವುದು ನಾಟಕದ ಕೊನೆಯ ದೃಶ್ಯದಲ್ಲಿ. ಕೊನೆಯ ದೃಶ್ಯ ನಿಮ್ಮ ನಾಟಕದ ಮೇಷ್ಟ್ರು ಇನ್ನೂ ಬರೆದೇ ಇಲ್ವಲ್ಲ! ಬರೆಯದ್ದನ್ನು ನಾನು ಕಲಿಸುವುದು ಹೇಗೆ?"

ಕುಲಪತಿಗಳ ಹತ್ತಿರ ಓಡಿದೆ. "ಸರ್, ಕೈ ಕೊಡಿ, ಇಳಿಯಿರಿ."

"ಎದ್ದರೆ ಬೀಳ್ತೇನೆ" ಎಂದರು ಅವರು ಕಣ್ಣು ಮುಚ್ಚಿಕೊಂಡೇ. "ತಲೆ ತಿರುಗ್ತಾ ಉಂಟು. ನಿಂತ ಮೇಲೆ ಇಳಿಯುತ್ತೇನೆ."

ವಾಚು ನೋಡಿದೆ. ಐದು ಇಪ್ಪತ್ತೈದು. ಮೋಟರು ಬಿಚ್ಚಿ ಅವರನ್ನು ಇಳಿಸುವಷ್ಟರಲ್ಲಿ ಆರು ಆಗುತ್ತದೆ, ಇಳಿದ ಮನುಷ್ಯ ಕಾರು ಹತ್ತುತ್ತಾರೆ, ಹುಡುಗಿಯರು ಹಾಸ್ಟೆಲಿಗೆ, ನಾವು ದೈಹಿಕ ಶಿಕ್ಷಣಕ್ಕೆ. ಪಕ್ಕದಲ್ಲಿ ಇಪ್ಪತ್ತು ಹುಡುಗಿಯರು ಗೆಜ್ಜೆ ಕಟ್ಟಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಧೈರ್ಯವೂ ಬರುತ್ತದೆ.

"ಈಗಲೇ ಶುರು ಮಾಡುವ" ಎಂದೆ.

"ಇವರನ್ನು ನಡುವೆ ಇಟ್ಟುಕೊಂಡಾ?" ಎಂದಳು ಅಕ್ಕ. ಅವಳೇ ಹೆದರಿದ್ದನ್ನು ಅಂದು ಮೊದಲ ಸಲ ನೋಡಿದೆ.

ನಮ್ಮ ನೃತ್ಯದಲ್ಲಿ ಹೊಳೆಗೆ ಅಡ್ಡವಾಗಿ ಒಂದು ಬಂಡೆ ಇದೆ. ಆರಂಭದಿಂದ ಅಂತ್ಯದವರೆಗೆ ನಡುವೆ ಕೂತಿರುವುದೇ ಅದರ ಕೆಲಸ. ಹೊಳೆ ಬೇಡುತ್ತದೆ, ಬೈಯುತ್ತದೆ, ಅಳುತ್ತದೆ. ಬಂಡೆ ಜಪ್ಪಯ್ಯ ಎಂದರೂ ಕದಲುವುದಿಲ್ಲ. ಬಂಡೆಯ ಪಾತ್ರದ ಹುಡುಗಿ ಬೂದು ಬಣ್ಣದ ಗೋಣಿ ಹೊದ್ದು ಮುಂದೆ ಬಂದಳು. "ಮೇಡಂ, ನಾನು ಎಲ್ಲಿ ಕೂರುವುದು?"

"ನೀನು ಹೊಳೆಗೆ ಸೇರಿಕೋ. ಗೋಣಿಯನ್ನು ಸರ್ ಅವರ ಶಾಲಿನ ಮೇಲೆ ಹೊದಿಸು. ಪಾಪ, ನೆನೆದು ಚಂಡಿಯಾಗಿದ್ದಾರೆ" ಎಂದೆ. ಆಮೇಲೆ ಉಸಿರೆಳೆದು, ಮಂದಿರ ಪೂರ್ತಿ ಕೇಳುವಂತೆ, "ಆರಂಭ!" ಎಂದೆ.

ಪರದೆ ಎದ್ದಿತು.

ಮೊದಲ ಐದು ನಿಮಿಷ ಜನ ನಕ್ಕರು. ಬಂಡೆ ತಿರುಗುತ್ತಿತ್ತು, ಬಂಡೆಗೆ ಕನ್ನಡಕವಿತ್ತು. ಆದರೆ ನನ್ನ ಹುಡುಗಿಯರು ನಗಲಿಲ್ಲ. ತಿರುಗುವ ಹಲಗೆಯ ಮೇಲೆ ಕಾಲಿಟ್ಟ ಕ್ಷಣದಲ್ಲೇ ಅವರಿಗೆ ಅದರ ಓಟ ಸಿಕ್ಕಿತು. ನಿಂತ ನೆಲದಲ್ಲಿ ಮೂರು ತಿಂಗಳು ನಾನು ಕಲಿಸಿದ ಹೆಜ್ಜೆಗಳು ಹರಿಯುವ ನೆಲದಲ್ಲಿ ನಿಜವಾಗಿ ಹೊಳೆಯಾದವು. ಚಿತ್ರಾಕ್ಷಿ "ಮಳೆ" ಎಂದು ಕೈ ಚಾಚಿದಾಗ ನೀರು ಸುರಿದು, ಇಪ್ಪತ್ತು ಜೊತೆ ಪಾದಗಳ ಕೆಳಗೆ ಚಿಮ್ಮಿತು. ನಗು ಯಾವಾಗ ನಿಂತಿತೋ ಗೊತ್ತಿಲ್ಲ. ಮೆಟ್ಟಿಲ ಮೇಲೆ ಕೂತವನೊಬ್ಬ ಗೋಳಿಬಜೆಯನ್ನು ಬಾಯಿಯ ಹತ್ತಿರ ಹಿಡಿದು ಮರೆತೇಬಿಟ್ಟಿದ್ದ.

ಬಲ್ಲಾಳರು ಕಣ್ಣು ಬಿಟ್ಟಿದ್ದರು. ಏನೋ ಹೇಳಲು ಬಾಯಿ ತೆರೆದವರು, ಎದುರಿಗೆ ಕೂತು ಬೇಡುತ್ತಿದ್ದ ಚಿತ್ರಾಕ್ಷಿಯ ಮುಖ ನೋಡಿ ಮುಚ್ಚಿದರು. ದಾರಿ ಬಿಡು ಎಂದು ಅವಳು ಮೊದಲ ಸಲ ಬೇಡಿದಳು. ಎರಡನೆಯ ಸಲ ಬೈದಳು. ಮೂರನೆಯ ಸಲ ಏನೂ ಕೇಳದೆ, ಹಣೆಯನ್ನು ನೆಲಕ್ಕೆ ತಾಗಿಸಿ ಸುಮ್ಮನೆ ಅವರ ಪಾದದ ಹತ್ತಿರ ನಿಂತ ನೀರಾದಳು.

ಬಂಡೆ ಎರಡೂ ಕಾಲನ್ನು ಮೇಲೆತ್ತಿತು.

ಹಾಗೆ ಎತ್ತಬೇಕೆಂದು ನಾನು ಬರೆದಿರಲಿಲ್ಲ. ಒಂದು ಗಳಿಗೆ ಹೊಳೆ ತಬ್ಬಿಬ್ಬಾಯಿತು. ಆಮೇಲೆ ಚಿತ್ರಾಕ್ಷಿ ಎದ್ದ ಕಾಲುಗಳ ಕೆಳಗಿನಿಂದ ನುಗ್ಗಿದಳು. ಅವಳ ಹಿಂದೆ ಹತ್ತೊಂಬತ್ತು ಹುಡುಗಿಯರು ಒಬ್ಬೊಬ್ಬರಾಗಿ ನುಸುಳಿ ಹರಿದರು. ಅಷ್ಟು ಹೊತ್ತೂ ಕುಲಪತಿಗಳು ಕುರ್ಚಿಯ ಕೈ ಹಿಡಿದು, ಮುಖ ಕೆಂಪು ಮಾಡಿಕೊಂಡು, ಕಾಲು ಇಳಿಸದೆ ಕೂತರು. ಮಂದಿರ ಎದ್ದು ನಿಂತಿತು. ನನ್ನ ಹತ್ತು ವರ್ಷದ ನೃತ್ಯ ಸಂಯೋಜನೆಯಲ್ಲಿ ಅಂಥದೊಂದು ಕ್ಷಣ ಬಂದಿರಲಿಲ್ಲ. ಸಂತೋಷದ ಜೊತೆ ನನಗೆ ಹೊಟ್ಟೆಕಿಚ್ಚೂ ಆಯಿತು. ಮುಚ್ಚಿಡುವುದೇಕೆ?

"ನನ್ನ ಕಥೆ ಇಲ್ಲಿಗೆ ಮುಗಿಸುತ್ತೇನೆ" ಎಂದಳು ಚಿತ್ರಾಕ್ಷಿ, "ಮುಂದಿನದ್ದನ್ನು ಕಡಲಿನ ಹತ್ತಿರ ಕೇಳಿ." ಪರದೆ ಮೆಲ್ಲನೆ ಇಳಿಯಿತು. ಆರು ಗಂಟೆ ಎಂಟು ನಿಮಿಷ. ನಲವತ್ತು ನಿಮಿಷವನ್ನೂ ಪೂರ್ತಿ ಕುಣಿದಿದ್ದರು! ಒಳಗೆ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ಅಕ್ಕ ಮಾತ್ರ ಚಕ್ರದ ಮೋಟರು ಬಿಚ್ಚಿ ಬಲ್ಲಾಳರನ್ನು ಇಳಿಸಿ, ಬಿಸಿಯಾದ ಇಡ್ಲಿ ಪಾತ್ರೆಗೆ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

ಮರುದಿನ ಕುಲಪತಿಗಳ ಕಚೇರಿಯಿಂದ ಕರೆ ಬಂತು. ಕೆಲಸ ಹೋಯಿತೆಂದೇ ಹೊರಟೆ. ಬಲ್ಲಾಳರು ಕುತ್ತಿಗೆಗೆ ಮಫ್ಲರು ಸುತ್ತಿ ಸೀನುತ್ತಿದ್ದರು. ಮೇಜಿನ ಮೇಲೆ ವಿಲೀನದ ಕಡತವಿತ್ತು.

"ಮೇಡಂ, ಒಂದು ವಿಷಯ ನೇರವಾಗಿ ಹೇಳಿ" ಎಂದರು. "ನಿನ್ನೆ ನಾನು ಎರಡೂ ಕಾಲು ಒಟ್ಟಿಗೆ ಎತ್ತಿದ್ದು ಸರಿಯಾ? ಎಡಗಾಲು ಮೊದಲು ಎತ್ತಿದ್ದರೆ ಇನ್ನೂ ಚೆಂದ ಕಾಣ್ತಿತ್ತಾ?"

"ಒಟ್ಟಿಗೆ ಎತ್ತಿದ್ದೇ ಚೆಂದ ಸರ್" ಎಂದೆ.

"ನನಗೂ ಹಾಗೇ ಅನಿಸಿತು." ಅವರು ಕಡತವನ್ನು ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಜಡಿದರು. "ದೈಹಿಕ ಶಿಕ್ಷಣದವರಲ್ಲಿ ಬಂಡೆಗೆಲ್ಲ ಅವಕಾಶ ಇರುವುದಿಲ್ಲ, ಅಲ್ವಾ?"

ಈ ಸಾಲಿನ ಸರಣಿ ಐದು ಪ್ರದರ್ಶನದ ಬದಲು ಹನ್ನೆರಡಾಯಿತು. 'ಹೊಳೆಯ ಹಟ'ವನ್ನೇ ಜಿಲ್ಲೆಯ ಏಳು ಕಾಲೇಜಿನವರು ಕೇಳಿ ಕರೆಸಿಕೊಂಡರು. ನಾಟಕದ ಮೇಷ್ಟ್ರು ಕೊನೆಯ ದೃಶ್ಯವನ್ನು ಬರೆದು ಮುಗಿಸಿದರೂ, ಚಕ್ರ ನಿಲ್ಲುವುದು ಬೇಡ ಎಂದು ಕುಲಪತಿಗಳ ಆದೇಶವಾಗಿದೆ. ಅವರು ಹುಡುಗಿಯರ ಬಸ್ಸಿನಲ್ಲೇ, ಗೋಣಿಯನ್ನು ನೀಟಾಗಿ ಮಡಚಿ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಅಭ್ಯಾಸಕ್ಕೆ ಒಂದು ದಿನವೂ ತಪ್ಪಿಸಿಲ್ಲ. ತಮ್ಮ ಪಾತ್ರಕ್ಕೆ ಒಂದೇ ಒಂದು ಮಾತೂ ಇಲ್ಲ ಎಂಬುದನ್ನು ಅವರಿನ್ನೂ ಗಮನಿಸಿಲ್ಲ, ನಾವೂ ಹೇಳಲು ಹೋಗಿಲ್ಲ.