ಹಿಡಿಸೂಡಿ ಹಕ್ಕಿ

ಆ ಗುರುವಾರ ಗಲ್ಲೆಯ ಮೇಲೆ ಕೂತಿದ್ದ ಕೃಷ್ಣರಾಜರು "ಗೊತ್ತಿಲ್ಲ" ಅಂದುಬಿಟ್ಟಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು.

ಸಂಭಾಜಿನಗರದ ರೈಲು ನಿಲ್ದಾಣದ ಎದುರು ಅವರದೊಂದು ಸಸ್ಯಾಹಾರಿ ಹೋಟೆಲು. ದಿನವೂ ಉಪ್ಪಿಟ್ಟು ತಿನ್ನಲು ಬರುವ ಬೀದರಿನ ಉಮಾನಾಥ, ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕ್ಯಾಮೆರಾ ಹಿಡಿದವರು. ಚಳಿಗಾಲಕ್ಕೆ ಪೈಠಣದ ನಾಥಸಾಗರಕ್ಕೆ ಬರುವ ಕಡಲಹಕ್ಕಿಗಳ ಫೋಟೋಗಳನ್ನೆಲ್ಲ ಸೇರಿಸಿ ಕನ್ನಡ ಸಂಘದಿಂದ ಒಂದು ಪುಸ್ತಕ ತರುವುದು ಅವರ ಆಸೆ. ಇಂಗ್ಲಿಷ್ ಹೆಸರು ಮೊಬೈಲು ಹೇಳುತ್ತಿತ್ತು, ಮರಾಠಿ ಹೆಸರು ಅಲ್ಲಿನ ಬೆಸ್ತರು ಹೇಳುತ್ತಿದ್ದರು. ಕನ್ನಡದ್ದೇ ತಾಪತ್ರಯ, ಸಿಕ್ಕಿದ್ದು ಕೆಲವೇ.

"ನಿಮ್ಮೂರು ಗಂಗೊಳ್ಳಿ ಅಲ್ಲೇನ್ರಿ? ಸಮುದ್ರದ ದಂಡಿಮ್ಯಾಲೆ ಬೆಳೆದೋರು. ಇವುಗಳ ಹೆಸರು ನಿಮಗ ಗೊತ್ತಿರಬೇಕಲ್ರಿ," ಅಂದರು ಉಮಾನಾಥ.

ಕೃಷ್ಣರಾಜರು ಹತ್ತನೇ ವಯಸ್ಸಿಗೇ ಊರು ಬಿಟ್ಟು ಪುಣೆಯಲ್ಲಿ ಮಾವನ ಹೋಟೆಲು ಸೇರಿದವರು. ಕಾಗೆ, ಪಾರಿವಾಳ, ಕೋಳಿ ಬಿಟ್ಟರೆ ಬೇರೆ ಹಕ್ಕಿಯನ್ನು ಗುರುತಿಸಿ ಮಾತಾಡಿಸಿದವರಲ್ಲ. ಆದರೆ ಕೈತೊಳೆಯಲು ನಿಂತಿದ್ದ ನಾಲ್ಕು ಗಿರಾಕಿಗಳು ಅವರ ಮುಖವನ್ನೇ ನೋಡುತ್ತಿದ್ದರು.

"ಅವುಗಳ ನಡುವೆಯೇ ಬೆಳೆದವನು ಮಾರಾಯ್ರೆ, ಗೊತ್ತಿಲ್ಲದೆ ಇರ್ತದಾ?" ಅಂದುಬಿಟ್ಟರು.

ಭಾನುವಾರ ಬೆಳಗ್ಗೆ ಆರಕ್ಕೆ ಮನೆಮುಂದೆ ಜೀಪು ನಿಂತಿತ್ತು. ಹೊಟ್ಟೆನೋವು ಎಂದು ಹೇಳಿಕಳಿಸೋಣವೆಂದರೆ ಹೆಂಡತಿ ರಾಜೀವಿ ಆಗಲೇ ಬಾಗಿಲಿಗೆ ಹೋಗಿ, ಇವರು ರಾತ್ರಿಯಿಂದಲೂ ಹಕ್ಕಿಗಳನ್ನೇ ನೆನೆಯುತ್ತಿದ್ದಾರೆ ಎಂದು ಹೇಳಿಯಾಗಿತ್ತು. ಜೀಪಿನಲ್ಲಿ ಸಂಘದ ಆರು ಮಂದಿ. ಮುಂದಿನ ಸೀಟು ಇವರಿಗೇ ಮೀಸಲು.

ನಾಥಸಾಗರ ಹೆಸರಿಗೆ ಅಣೆಕಟ್ಟಿನ ನೀರು, ಆದರೆ ಅವತ್ತಿನ ಗಾಳಿಗೆ ಅಲೆಗಳು ದಡಕ್ಕೆ ಅಪ್ಪಳಿಸುತ್ತಿದ್ದವು. ಇಳಿದ ಕೂಡಲೇ ಕೃಷ್ಣರಾಜರ ಅಂಗಿಯೊಳಗೆ ಗಾಳಿ ಹೊಕ್ಕು, ಅವರು ಎಣ್ಣೆಗೆ ಬಿಟ್ಟ ಪೂರಿಯ ಹಾಗೆ ಉಬ್ಬಿದರು. ಯಾವ ಕಡೆ ಕೂತರೆ ಫೋಟೋ ಚೆನ್ನಾಗಿ ಬರುತ್ತದೆಂದು ಎಲ್ಲರೂ ಅವರನ್ನೇ ಕೇಳಿದರು. ಗಾಳಿಯ ಗುಣ ಕಡಲಿನವರಿಗಲ್ಲದೆ ಇನ್ನಾರಿಗೆ ಗೊತ್ತು? ಅವರು ಎಡಕ್ಕೆ ಕೈ ತೋರಿದರು. ಕೂತ ಎರಡೇ ನಿಮಿಷಕ್ಕೆ ಮರಳು ಹಾರಿ ಆರೂ ಕ್ಯಾಮೆರಾಗಳ ಮೂತಿಗೆ ಮೆತ್ತಿಕೊಂಡಿತು.

ಅಷ್ಟರಲ್ಲಿ ಸೀಳುಬಾಲದ ಬಿಳಿ ಹಕ್ಕಿಯೊಂದು ತಲೆಯ ಮೇಲೆಯೇ ತೇಲುತ್ತ ನಿಂತಿತು. ಕ್ಯಾಮೆರಾಗಳು ಪಟಪಟ ಬಡಿದುಕೊಂಡವು. ಉಮಾನಾಥ ನೋಟುಬುಕ್ಕು ತೆರೆದು ಕಾದರು. ಗಾಳಿಗೆ ಕೆದರಿದ ಆ ಬಾಲ ನೋಡಿ ಕೃಷ್ಣರಾಜರಿಗೆ ನೆನಪಾದದ್ದು ಒಂದೇ ವಸ್ತು, ಅಂಗಳ ಗುಡಿಸುತ್ತಿದ್ದ ಅಮ್ಮನ ಕೈಯಲ್ಲಿದ್ದದ್ದು.

"ಹಿಡಿಸೂಡಿ," ಅಂದರು.

ಬೀದರಿನಲ್ಲಿ ಅದಕ್ಕೆ ಕಸಬರಗಿ ಅನ್ನುತ್ತಾರೆ. ಹಾಗಾಗಿ ಉಮಾನಾಥರಿಗೆ ಏನೂ ಹೊಳೆಯಲಿಲ್ಲ. "ಎಂಥಾ ಚಂದ ಹೆಸರ್ರಿ," ಎಂದು ಬರೆದುಕೊಂಡರು.

ಆಮೇಲೆ ದಾರಿ ಸಲೀಸಾಯಿತು. ರೆಕ್ಕೆ ಅಗಲವಾಗಿದ್ದದ್ದು ಗೆರಸಿ ಆಯಿತು, ಊರಲ್ಲಿ ಅಕ್ಕಿ ಕೇರುತ್ತಿದ್ದದ್ದು ಅದರಲ್ಲೇ. ನೀರ ಮೇಲೆ ದುಂಡಗೆ ಕೂತದ್ದು ಮರದ ಪಾತ್ರೆ ಮರಿಗೆ, ಕೊಕ್ಕು ಬಾಗಿದ್ದದ್ದು ತರಕಾರಿ ಹೆಚ್ಚುವ ಮೆಟ್ಟುಕತ್ತಿ. ಹತ್ತು ಗಂಟೆಯ ಹೊತ್ತಿಗೆ ಗಂಗೊಳ್ಳಿಯ ಅಡಿಗೆಮನೆ ಮುಕ್ಕಾಲುಪಾಲು ನಾಥಸಾಗರದ ಮೇಲೆ ಹಾರಾಡುತ್ತಿತ್ತು. ನಡುವೆ ಕೃಷ್ಣರಾಜರು ಕಾಲು ಜಾರಿ ಮೊಣಕಾಲುದ್ದ ಕೆಸರಿಗಿಳಿದರು. ಹಕ್ಕಿಗಳಿಗೆ ಸದ್ದಾಗದಂತೆ ಹತ್ತಿರ ಹೋಗುವ ಉಪಾಯ ಇದೇ ಎಂದು ತಿಳಿದು ಆರೂ ಮಂದಿ ಅವರ ಹಿಂದೆಯೇ ಇಳಿದರು.

ಅವರು ಕೆಸರು ತೊಳೆದುಕೊಳ್ಳುತ್ತಿದ್ದಾಗ ದಡಕ್ಕೆ ಒಂದು ಸ್ಕೂಟರು ಬಂದು ನಿಂತಿತು. ಪೈಠಣದಲ್ಲಿ ಬ್ಯಾಂಕ್ ಮ್ಯಾನೇಜರಾಗಿರುವ ಗುಣವತಿ, ಊರು ಮಲ್ಪೆ. ಹೋದ ವರ್ಷ ಹದಿನೈದು ಹಕ್ಕಿಗಳಿಗೆ ಕನ್ನಡದ ಹೆಸರು ಕೊಟ್ಟವರು ಇವರೇ ಎಂದು ಉಮಾನಾಥ ಪರಿಚಯಿಸಿದರು. ಮಲ್ಪೆಯ ಹೆಂಗಸಿಗೆ ಹಿಡಿಸೂಡಿ ಗೊತ್ತಿಲ್ಲದೆ ಇರುವುದುಂಟೇ? ಕೃಷ್ಣರಾಜರು ತೊಳೆದ ಕಾಲನ್ನೇ ಮತ್ತೆ ತೊಳೆಯತೊಡಗಿದರು.

ಉಮಾನಾಥ ನೋಟುಬುಕ್ಕು ತೆರೆದೇಬಿಟ್ಟರು. "ಮೇಡಂ, ಈ ಸೀಳುಬಾಲದ ಹಕ್ಕಿಗೆ ನೀವು ಕಾಣೆ ಅಂದಿದ್ರಿ. ಇವರು ಹಿಡಿಸೂಡಿ ಅಂತಾರ. ಯಾವುದು ಬರೀಲಿ?"

ಕೃಷ್ಣರಾಜರು ಥಟ್ಟನೆ ತಲೆಯೆತ್ತಿದರು. ಕಾಣೆ ಎಂದರೆ ಮೀನು. ಬೆಳಗಾದರೆ ಬುಟ್ಟಿ ಹೊತ್ತ ಹೆಂಗಸರು ಆ ಹೆಸರು ಕೂಗುತ್ತ ಹೋಗುತ್ತಿದ್ದದ್ದು ಅವರಿಗಿನ್ನೂ ನೆನಪಿತ್ತು. ಗುಣವತಿಯವರೂ ಇವರನ್ನೇ ನೋಡುತ್ತಿದ್ದರು.

"ಎರಡೂ ಸರಿಯೇ," ಅಂದರು ಗುಣವತಿ. "ಕಾಣೆ ಗಂಡು. ಹಿಡಿಸೂಡಿ ಹೆಣ್ಣು."

ಉಮಾನಾಥ ಅದನ್ನು ಬರೆದು ಕೆಳಗೆ ಎರಡು ಗೆರೆ ಎಳೆದರು.

ಚಹಾದ ಹೊತ್ತಿಗೆ ಇಬ್ಬರೂ ಜಾಲಿಮರದ ಹಿಂದೆ ಸೇರಿದರು. "ನಂದು ಹದಿನೈದೂ ಮೀನೇ ಮಾರಾಯ್ರೆ," ಅಂದರು ಗುಣವತಿ. "ಮೊದಲ ದಿನ ಗೊತ್ತಿಲ್ಲ ಅನ್ಲಿಕ್ಕೆ ನಾಚಿಕೆ, ಆಮೇಲೆ ನಿಜ ಹೇಳ್ಲಿಕ್ಕೆ ಹೆದರಿಕೆ. ಚಳಿಗಾಲ ಬಂದ್ರೆ ನಂಗೆ ಒಂದು ಭಾನುವಾರವೂ ಬಿಡುವಿಲ್ಲ."

ಕೃಷ್ಣರಾಜರು ತಮ್ಮ ಪಾತ್ರೆಪಗಡಗಳ ಕತೆ ಹೇಳಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪುಸ್ತಕ ಅಚ್ಚಾಗುವ ಮುನ್ನ ಒಟ್ಟಿಗೇ ತಪ್ಪೊಪ್ಪಿಕೊಳ್ಳುವುದು ಎಂದು ತೀರ್ಮಾನವಾಯಿತು. ಒಬ್ಬರೇ ಹೇಳಿದರೆ ಮಾನ ಹೋಗುತ್ತದೆ, ಇಬ್ಬರು ಹೇಳಿದರೆ ತಮಾಷೆಯಾಗುತ್ತದೆ. ಮೊದಲು ತಾನೇ ಮಾತು ತೆಗೆಯುವುದಾಗಿ ಗುಣವತಿ ಧೈರ್ಯ ಕೊಟ್ಟರು. ಕೃಷ್ಣರಾಜರಿಗೆ ಮೂರು ದಿನದಿಂದ ಎದೆಯ ಮೇಲಿದ್ದ ಒರಳುಕಲ್ಲು ಇಳಿದ ಹಾಗಾಯಿತು.

ಎಲ್ಲರನ್ನೂ ಕೂರಿಸಿಕೊಂಡು ಗುಣವತಿ ಗಂಟಲು ಸರಿಮಾಡಿಕೊಂಡರು. ಕೃಷ್ಣರಾಜರು ಹುರಿದುಂಬಿಸುವಂತೆ ತಲೆಯಾಡಿಸಿದರು.

"ನಾನೊಂದು ನಿಜ ಹೇಳಬೇಕು. ಹೋದ ವರ್ಷ ನಾನು ಹೇಳಿದ ಹೆಸರುಗಳು ಸರಿಯಿಲ್ಲ. ಇವತ್ತು ಇವರ ಬಾಯಲ್ಲಿ ಕೇಳಿದ ಮೇಲೆ ಗೊತ್ತಾಯ್ತು. ನಿಜವಾಗಿ ಬಲ್ಲವರು ಇವರು. ನನ್ನ ಹದಿನೈದೂ ಹೆಸರು ಹೊಡೆದುಹಾಕಿ, ಎಲ್ಲದಕ್ಕೂ ಇವರನ್ನೇ ಕೇಳಿ."

ಕೃಷ್ಣರಾಜರು ದಡಬಡಿಸಿ ಎದ್ದುನಿಂತರು. ತನಗೂ ಏನೂ ಗೊತ್ತಿಲ್ಲ, ಇವೆಲ್ಲ ಬಾಯಿಗೆ ಬಂದದ್ದು ಎಂದು ಮೂರು ಸಲ ಹೇಳಿದರು. ಉಮಾನಾಥರ ಕಣ್ಣುಗಳು ತೇವಗೊಂಡವು.

"ತಿಳದೋರು ಹಿಂಗೇ ಅಂತಾರ್ರಿ," ಎಂದು ಅವರ ಕೈ ಹಿಡಿದುಕೊಂಡರು. "ಪುಸ್ತಕದ ಮುಖಪುಟದ ಮ್ಯಾಲೆ ನಿಮ್ಮದೇ ಹೆಸರು. ಬಿಡುಗಡಿ ಇಲ್ಲಿ ಬ್ಯಾಡ್ರಿ. ನಿಮ್ಮ ಗಂಗೊಳ್ಳಿಯೊಳಗ ಇಟ್ಕೊಳ್ಳೂಣು. ಊರ ಮಂದೀನೆಲ್ಲಾ ಕರೆದು, ಸಾಲಿ ಹುಡುಗರ ಕೈಲೆ ಹಕ್ಕಿ ಹೆಸರು ಒಂದೊಂದಾಗಿ ಗಟ್ಟಿಯಾಗಿ ಓದಸೂಣು."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವರು ಗುಣವತಿ. ತಟ್ಟಿ, ತಲೆಗೆ ಸ್ಕಾರ್ಫು ಬಿಗಿದುಕೊಂಡು, ಗಾಳಿಗೆ ಬೆನ್ನು ಕೊಟ್ಟು ಸ್ಕೂಟರು ಹತ್ತಿದರು.