ಮಾವನ ಬೋಟೂ ಕಿರಿಯಳಿಯನ ಬಕೆಟ್ಟೂ

ಬಕೆಟ್ಟು ತಗುಲಿದ್ದು ಹೌದು. ಆದರೆ ಅಷ್ಟು ಮೆಲ್ಲಗೆ ತಗುಲಿದ್ದಕ್ಕೆ ಬೋಟಿನ ಮುಂಗಾಜು ಹೀಗೆ ಸೀಳಿಬಿಡುತ್ತದೆಂದು ಕಿರಿಯಳಿಯ ಕನಸಿನಲ್ಲೂ ಎಣಿಸಿರಲಿಲ್ಲ. ಹಕ್ಕಿಗಳ ಹಿಕ್ಕೆ ಗಟ್ಟಿಯಾಗಿ ಕೂತಿದ್ದ ಗಾಜಿಗೆ ಸೋಪಿನ ನೀರು ಎರಚಿದ, ಬಕೆಟ್ಟು 'ಟಣ್' ಎಂದಿತು, ಕೊಳೆ ಇಳಿಯುತ್ತಿದ್ದಂತೆ ಮೇಲಿನಿಂದ ಕೆಳಗಿನವರೆಗೆ ಒಂದು ಬಿರುಕು ಕಾಣಿಸಿತು.

ಬೋಟು ಮಾವನದು. ವಯಸ್ಸಾಯಿತು, ಇನ್ನು ಓಡಿಸಲಾರೆ, ಇಬ್ಬರು ಅಳಿಯಂದಿರಲ್ಲಿ ಒಬ್ಬರಿಗೆ ಕೊಟ್ಟುಬಿಡುತ್ತೇನೆ ಎಂದು ಮಾವ ಬಹಳ ದಿನಗಳಿಂದ ಹೇಳುತ್ತಿದ್ದರು. ಯಾರಿಗೆ ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಅಂದಿನಿಂದ ನಮ್ಮ ಕಿರಿಯಳಿಯ, ಸ್ವಂತ ಮನೆಯಲ್ಲಿ ಉಂಡ ತಟ್ಟೆ ಎತ್ತದ ಮಹಾನುಭಾವ, ರಜೆ ಬಂದರೆ ಸಾಕು, ಮಾವನ ಬೋಟು ತೊಳೆಯಲು ಓಡುತ್ತಿದ್ದ. ಹೋದ ವಾರ ಮಾತ್ರ ಜ್ವರ ಬಂದು ತಪ್ಪಿತ್ತು.

"ಸಂಜೆ ಅಪ್ಪ ಬೋಟ್ ನೋಡೋಕೆ ಬರ್ತಾರಂತೆ," ಎಂದು ಹೆಂಡತಿ ಬೆಳಿಗ್ಗೆಯೇ ಎಚ್ಚರಿಸಿದ್ದಳು. "ಏನಾದ್ರೂ ಎಡವಟ್ಟು ಮಾಡ್ಕೊಂಡು ಬೋಟು ಅಕ್ಕನ ಮನೆ ಪಾಲಾದ್ರೆ, ನನ್ನ ಹತ್ರ ಮಾತಾಡೋಕೆ ಬರ್ಬೇಡಿ."

ಪಕ್ಕದ ಬೋಟಿನಿಂದ ನಿವೃತ್ತ ಮೇಷ್ಟ್ರು ಕತ್ತು ಚಾಚಿದರು. ಅವರ ಬೋಟು ದಡ ಬಿಟ್ಟದ್ದನ್ನು ಕಂಡವರಿಲ್ಲ. ಅದಿದ್ದದ್ದೇ ಬೇರೆಯವರ ಬೋಟುಗಳ ಮೇಲೆ ಕಣ್ಣಿಡುವುದಕ್ಕೆ.

"ಒಡೆದೇಬಿಟ್ಯಾ?"

"ಇಲ್ಲ ಮೇಷ್ಟ್ರೇ, ಒಂದು ಸಣ್ಣ ಗೆರೆ..."

"ಅಂಟು ಹಾಕಿಬಿಡಯ್ಯಾ. ನಮ್ಮನೆ ಮೀನಿನ ತೊಟ್ಟಿ ಒಡೆದಾಗ ನಾನು ಅದನ್ನೇ ಮಾಡಿದ್ದು."

"ಈಗ ಹೇಗಿದೆ?"

"ತೊಟ್ಟಿ ಚೆನ್ನಾಗಿದೆ. ಮೀನು ಸತ್ತೋದ್ವು."

ಅಷ್ಟರಲ್ಲಿ ಷಡ್ಡಕ, ಅಂದರೆ ಹಿರಿಯಳಿಯ, ಹಿಂದಿನಿಂದ ಬಂದು ನಿಂತಿದ್ದ. ಕಿರಿಯಳಿಯ ಥಟ್ಟನೆ ತಿರುಗಿ, ಬಿರುಕು ಕಾಣದಂತೆ ಅಡ್ಡ ನಿಂತ. ಮುಗಿಯಿತು, ಇವನು ಈಗಲೇ ಹೋಗಿ ಮಾವನ ಕಿವಿ ಊದುತ್ತಾನೆ! ಆದರೆ ಷಡ್ಡಕ ಹೆಗಲ ಮೇಲೆ ಕೈಯಿಟ್ಟ.

"ಗಾಬರಿ ಆಗ್ಬೇಡ ತಮ್ಮಾ. ನನ್ನ ಬಾಯಿಂದ ಒಂದು ಮಾತೂ ಆಚೆ ಹೋಗಲ್ಲ. ಸಂಜೆಯೊಳಗೆ ಹೊಸ ಗಾಜು ಹಾಕ್ಸಿಬಿಡು, ಅಷ್ಟೇ."

ಇಂಥ ದೇವರಂಥ ಮನುಷ್ಯನನ್ನು ಇಷ್ಟು ವರ್ಷ ಮನಸ್ಸಿನಲ್ಲೇ ಬೈದುಕೊಂಡೆನಲ್ಲ ಎಂದು ಕಿರಿಯಳಿಯನಿಗೆ ಅಳುವೇ ಬಂತು. ಕಣ್ಣೊರೆಸಿಕೊಂಡು ಸ್ಕೂಟರ್ ಹತ್ತಿದ.

ಮುಂಗಾಜು ಎರಡು ತುಂಡಿನದು. ಒಂದು ಎಡಕ್ಕೆ ಓರೆ, ಒಂದು ಬಲಕ್ಕೆ. "ಯಾವ ಕಡೇದು ಬೇಕು?" ಎಂದ ಗಾಜಿನ ಅಂಗಡಿಯವನು. ಕಿರಿಯಳಿಯ ಕಣ್ಣು ಮುಚ್ಚಿ, ಬೋಟಿನೆದುರು ಬಕೆಟ್ಟು ಹಿಡಿದು ನಿಂತದ್ದನ್ನು ನೆನೆದು, ಬಲಗೈ ಆಡಿಸಿ, "ಬಲಗಡೆ!" ಎಂದ.

ಗಾಜು ಹೊತ್ತು ಬಂದ ಮಿಸ್ತ್ರಿ ಬೋಟಿಗೆ ಹಿಡಿದು ನೋಡಿ ಹಣೆ ಚಚ್ಚಿಕೊಂಡ. "ಯಾರ್ರೀ ಹೇಳಿದ್ದು ಬಲ ಅಂತ? ಒಳಗೆ ಕೂತವನ ಬಲ ಲೆಕ್ಕ, ಎದುರಿಗೆ ನಿಂತವನದಲ್ಲ. ಒಡೆದಿರೋದು ಎಡಗಡೇದು."

"ಇದನ್ನೇ ತಿರುಗಿಸಿ ಹಾಕಿದ್ರೆ?"

"ನೀವು ಚಪ್ಪಲಿ ಅದಲುಬದಲು ಹಾಕ್ಕೊಂಡು ಓಡಾಡ್ತೀರಾ?"

ಮೇಷ್ಟ್ರು ಬಿದ್ದು ಬಿದ್ದು ನಕ್ಕರು. ಷಡ್ಡಕ ಮಾತ್ರ ಗಂಭೀರವಾಗಿ ಯೋಚಿಸಿದ. "ಬಂದಿದ್ದನ್ನ ವಾಪಸ್ ಯಾಕೆ ಕಳಿಸ್ತೀಯಾ? ಎರಡೂ ಹೊಸದೇ ಹಾಕ್ಸು. ಒಂದು ಥಳಥಳ, ಒಂದು ಮಂಕು ಅಂದ್ರೆ ಮಾವನ ಕಣ್ಣಿಗೆ ಬೀಳಲ್ವಾ? ಹಾಗೇ ಆ ರಬ್ಬರೂ ಹೋಗಿದೆ ನೋಡು. ವೈಪರೂ ಅಷ್ಟೇ."

ಮಿಸ್ತ್ರಿ ಹಳೆಯ ಗಾಜು ಕಿತ್ತು ಕಣ್ಣಿನ ಹತ್ತಿರ ಹಿಡಿದ. "ಯಾವಾಗ ಒಡೆದದ್ದಿದು? ಬಿರುಕಿನ ಒಳಗೆಲ್ಲ ಕೊಳೆ ಕೂತಿದೆ."

"ಬೆಳಿಗ್ಗೆ."

"ಬೆಳಿಗ್ಗೆ ಒಡೆದಿದ್ದಕ್ಕೆ ಇಷ್ಟು ಕೊಳೆನಾ?"

"ನೀನು ಬಂದಿರೋ ಕೆಲಸ ನೋಡಪ್ಪಾ!" ಎಂದು ಷಡ್ಡಕ ಗದರಿದ. ತನ್ನ ಪರವಾಗಿ ಇಷ್ಟು ಜೋರು ಮಾಡುವ ಷಡ್ಡಕ ಯಾರಿಗುಂಟು ಎಂದು ಕಿರಿಯಳಿಯ ಉಬ್ಬಿಹೋದ. ಜೇಬು ಸಾಲದೆ ಸ್ಕೂಟರನ್ನೇ ಅಂಗಡಿಯಲ್ಲಿ ಅಡವಿಟ್ಟು, ಇನ್ನೊಂದು ಗಾಜು, ರಬ್ಬರು, ವೈಪರು ಎಲ್ಲ ತರಿಸಿದ.

ಸಂಜೆ ಮಾವ ಬಂದರು. ಮುಂಗಾಜನ್ನು ಬೆರಳಿನಿಂದ ಮುಟ್ಟಿ, "ಹೊಸದಾ?" ಎಂದರು, ಅಷ್ಟೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

"ನಾನೇ ಒಡೆದದ್ದು ಮಾವ!" ಕಿರಿಯಳಿಯ ಬಡಬಡಿಸಿದ. "ಬಕೆಟ್ಟು ತಗುಲ್ತು. ಎರಡೂ ಹೊಸದು ಹಾಕ್ಸಿದೀನಿ. ಇದೊಂದಕ್ಕೋಸ್ಕರ ಬೋಟಿನ ವಿಷಯದಲ್ಲಿ ನನ್ನ ಕೈ ಬಿಡ್ಬೇಡಿ!"

ಮಾವ ಬೆರಗಾಗಿ ನೋಡಿದರು. "ನೀವು ಯಾಕೆ ಒಡೀತೀರಿ ಅಳಿಯಂದ್ರೇ? ಹೋದ ವಾರವೇ ದೊಡ್ಡ ಅಳಿಯಂದ್ರು ಸೇತುವೆ ಕಂಬಕ್ಕೆ ಗುದ್ದಿ ಒಡೆದಿದ್ರಲ್ಲ! ಬೋಟು ಅವರ ಕೈಗೆ ಕೊಟ್ಟ ದಿನಾನೇ. ನನಗೆ ಸಿಟ್ಟು ಬಂದು, ವಾರದೊಳಗೆ ಮೊದಲಿನ ಹಾಗೆ ಮಾಡಿಸದಿದ್ರೆ ಬೋಟು ಕಿತ್ಕೊಂಡು ಚಿಕ್ಕ ಅಳಿಯಂದ್ರಿಗೆ ಕೊಡ್ತೀನಿ ಅಂದಿದ್ದೆ. ಇವತ್ತಿಗೆ ಗಡುವು ಮುಗೀತು. ಕೀಲಿಕೈ ಇಸ್ಕೊಂಡು ನಿಮಗೆ ಕೊಡೋಣ ಅಂತಲೇ ಬಂದೆ."

ಕಿರಿಯಳಿಯ ಹೊಸ ಗಾಜನ್ನೊಮ್ಮೆ, ಷಡ್ಡಕನನ್ನೊಮ್ಮೆ ನೋಡಿದ.

"ಆದ್ರೆ ಮಾತು ಅಂದ್ರೆ ಮಾತು. ಗಾಜು ಸರಿ ಆಗಿದೆ, ಬೋಟು ಅವರದೇ." ಮಾವ ಕಿರಿಯಳಿಯನ ಬೆನ್ನು ತಟ್ಟಿದರು. "ಷಡ್ಡಕನಿಗೋಸ್ಕರ ತಪ್ಪನ್ನೂ ನಿಮ್ಮ ತಲೆ ಮೇಲೆ ಹಾಕ್ಕೊಂಡ್ರಲ್ಲ! ನಮ್ಮ ಅಳಿಯಂದ್ರು ಹೀಗೇ ಒಗ್ಗಟ್ಟಾಗಿರ್ಬೇಕು."

"ನಾನು ಆಗ್ಲೇ ಅಂಟು ಹಾಕು ಅಂದೆ," ಎಂದರು ಮೇಷ್ಟ್ರು. "ನನ್ನ ಮಾತು ಯಾರು ಕೇಳ್ತಾರೆ?"

ಷಡ್ಡಕ ಎಂಜಿನ್ ಚಾಲೂ ಮಾಡಿ, ಹೊಸ ವೈಪರನ್ನು ಸುಮ್ಮನೆ ಒಮ್ಮೆ ಆಡಿಸಿ ನೋಡಿದ. "ಮುಂದಿನ ರಜಕ್ಕೂ ತೊಳೆಯೋಕೆ ಬಾ ತಮ್ಮಾ," ಎಂದು ಕೂಗಿದ. "ಬಕೆಟ್ಟು ಮಾತ್ರ ಜೋಪಾನ, ಗಾಜು ಹೊಸದು!"

ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನು ಹೊರಟುಹೋದ. ಕಿರಿಯಳಿಯ ಖಾಲಿ ಬಕೆಟ್ಟು ಹಿಡಿದು, ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತಾ, ಮನೆಯ ಕಡೆ ನಡೆದೇ ಹೊರಟ.