ಎರಡು ಸೀಮೆಯ ಚಾಲು

ಒಂದೇ ನುಡಿಯೊಳಗೆ ಒಬ್ಬರಿಗೆ ಆರಂಭವನ್ನೂ ಇನ್ನೊಬ್ಬರಿಗೆ ಅಂತ್ಯವನ್ನೂ ಇರಿಸಿ ಮಂದಹಾಸ ಬೀರುವ ವಾಗ್ದೇವಿಗೆ ಕೈಮುಗಿದು ಕತೆಗೆ ತೊಡಗೋಣ.

ಬಾಗಲಕೋಟೆ ಕಡೆಯ ಸಿದ್ರಾಮ ಮದುವೆಯಾದ ಹದಿನೈದನೆಯ ದಿನವೇ ಪೀಣ್ಯದ ಡಬ್ಬಿ ಕಾರ್ಖಾನೆಗೆ ಮರಳಿದವನು. ಐದು ತಿಂಗಳಿಂದ ಹೆಂಡತಿ ಶಿವಗಂಗಾಳ ಮುಖ ಕಂಡಿರಲಿಲ್ಲ. ನಾಗರ ಪಂಚಮಿಗೆಂದು ನಾಲ್ಕು ದಿನ ರಜೆ ಸಿಕ್ಕಿತ್ತು. ಅಂದು ಸಂಜೆಯೇ ಬಸ್ಸು. ಹೇಳದೆ ಹೋಗಿ ಬಾಗಿಲಲ್ಲಿ ನಿಂತರೆ ಅವಳ ಕಣ್ಣು ಹೇಗೆ ಅರಳೀತೆಂದು ನೆನೆಯುತ್ತ ಅವನು ಯಂತ್ರದಲ್ಲಿ ಮುಚ್ಚಳಗಳನ್ನು ಒತ್ತುತ್ತಿದ್ದ.

ಸೂಪರ್‌ವೈಸರ್ ಶ್ಯಾಮಣ್ಣ ಮದನಪಲ್ಲಿಯವನು. ಕನ್ನಡ ಚೆನ್ನಾಗಿಯೇ ಆಡುತ್ತಿದ್ದ. ಗಾಬರಿಯಾದಾಗ ಮಾತ್ರ ತಾಯ್ನುಡಿ ತೆಲುಗು ಹೊರಬೀಳುತ್ತಿತ್ತು. ಆರ್ಡರಿನ ಮುಚ್ಚಳಗಳು ಮುಗಿದುದನ್ನು ಕಂಡು ದೂರದಿಂದಲೇ ಕೂಗಿದ: “ಚಾಲು! ಚಾಲು!”

ಸಿದ್ರಾಮನ ಸೀಮೆಯಲ್ಲಿ ಚಾಲು ಎಂದರೆ ಶುರು. ಆರಿಸಹೊರಟ ಯಂತ್ರವನ್ನು ಮತ್ತೆ ಓಡಿಸಿದ. ಮುಚ್ಚಳಗಳು ಮದುವೆಮನೆಯ ಹಪ್ಪಳದಂತೆ ಗುಡ್ಡೆಬಿದ್ದವು.

ಪಕ್ಕದ ಯಂತ್ರದ ಲೋಕೇಶ್ ಓಡಿಬಂದು ಸ್ವಿಚ್ ಆರಿಸಿದ. “ಗುರು, ತೆಲುಗಲ್ಲಿ ಚಾಲು ಅಂದ್ರೆ ಸಾಕು ಅಂತ ಕಣೋ!”

“ಇವನ ರಜಾನೂ ಚಾಲು!” ಎಂದ ಶ್ಯಾಮಣ್ಣ, ಕೆಂಡವಾಗಿ.

“ರಜಾ ಈಗಿಂದನ ಚಾಲು ಆತೇನ್ರೀ?” ಸಿದ್ರಾಮ ಹಿಗ್ಗಿದ.

“ಕ್ಯಾನ್ಸಲ್ ಆಯ್ತು ಕಣಯ್ಯಾ!”

ಸಿದ್ರಾಮ ಕೈಮುಗಿದ. “ಐದು ತಿಂಗಳಾತ್ರೀ ಸಾಹೇಬ್ರ. ಅಕಿ ಮಾರಿ ಈಗ ಕನಸಿನ್ಯಾಗೂ ಮಸಕಾಗೇತ್ರಿ.”

ಶ್ಯಾಮಣ್ಣನ ಹೆಂಡತಿಯೂ ದೂರದ ಮದನಪಲ್ಲಿಯಲ್ಲೇ ಇದ್ದಳು. “ಈ ಮುಚ್ಚಳ ಎಲ್ಲಾ ಗೋಡೌನಿಗೆ ಹೊತ್ತಾಕಿ ಊರಿಗೆ ಹೋಗು” ಎಂದು ಮುಖ ಅತ್ತ ತಿರುಗಿಸಿದ.

ಸಂಜೆ ನೋಯುವ ಬೆನ್ನಿನೊಡನೆ, ಹಸಿರು ಬಳೆಗಳ ಪೊಟ್ಟಣವನ್ನು ಎದೆಗವಚಿಕೊಂಡು ಸಿದ್ರಾಮ ಬಸ್ಸು ಹತ್ತಿದ. ನೆಲಮಂಗಲ ದಾಟುತ್ತಲೇ ತಡೆಯಲಾರದೆ ತಾಯಿ ಮುದುಕವ್ವನಿಗೆ ಫೋನು ಮಾಡಿ ತಾನು ಬರುತ್ತಿರುವುದನ್ನು ಹೇಳಿದ.

“ಬಾರಪ್ಪಾ, ಹಬ್ಬಕ್ಕ ಶೇಂಗಾ ಉಂಡಿ ಕಟ್ಟೇನಿ.”

“ಶಿವಗಂಗಾ ಏನ್ ಮಾಡಾಕತ್ತಾಳ?”

“ಅಕಿ ಮನ್ಯಾಗ ಎಲ್ಲಿ ಅದಾಳೋ? ಮುಂಜಾನೆ ಅವರಣ್ಣ ಬಂದು ಕರಕೊಂಡು ಹೋದ. ಪಂಚಮಿಗೆ ಹೆಣ್ಣಮಕ್ಕಳು ತವರಿಗೆ ಹೋಗೂದು ಮರತಿಯೇನು? ಹೋದ ವರ್ಷ ನಿಮ್ಮಕ್ಕನ್ನ ಕರತಂದವ ನೀನ ಅಲ್ಲೇನು?”

“ನಾ ಅಲ್ಲಿಗೇ ಹೋಗ್ಲೇನ ಯವ್ವಾ?”

“ಹೆಂಡ್ತಿ ಬೆನ್ನ ಹತ್ತಿ ಬಂದಾನಂತ ಊರ ಮಂದಿ ನಗತಾರ! ಐದ ದಿನಕ್ಕ ಬರ್ತಾಳ, ತಡಿ.”

ಐದನೆಯ ದಿನ ಸಿದ್ರಾಮ ಪೀಣ್ಯದಲ್ಲಿರಬೇಕು. ಮುಂದಿನ ಸೀಟಿನಲ್ಲಿ ಯಾರದೋ ಹೆಂಡತಿ, ಅಣ್ಣನ ಜೊತೆ ತವರಿಗೆ ಹೊರಟವಳು, ಏನನ್ನೋ ನೆನೆದು ನಗುತ್ತಿದ್ದಳು. ಅವಳ ಗಂಡ ಈಗ ಎಲ್ಲಿ ಕುಳಿತಿರುವನೋ ಎಂದು ಸಿದ್ರಾಮ ಕಿಟಕಿಯತ್ತ ನೋಡಿದ.

ಈ ಕತೆ ಕೇಳಿದವರೆಲ್ಲರಿಗೂ ಬಯಸಿದವರ ಮುಖದರ್ಶನ ಬಯಸಿದ ದಿನವೇ ಆಗಲಿ. ಆ ದಿನ ಅವರು ಮನೆಯಲ್ಲೂ ಇರಲಿ.